ಕೂಗದೆ ಕೂತವಳು

ನಾಯಕಿಯ ಕೋಟು ಯಾವ ಬಣ್ಣದ್ದಿರಬೇಕು ಎಂಬ ಪ್ರಶ್ನೆಯನ್ನು ಇತ್ಯರ್ಥ ಮಾಡಲು ಚಿತ್ರತಂಡ ವಾರಗಟ್ಟಲೆ ಕೂತಿತು. ಎರಡು ದೇಶಗಳ ನಡುವೆ ಗಡಿ ಎಳೆಯಲು ಕೂತವರು ಕೂಡ ಇದಕ್ಕಿಂತ ಬೇಗ ಊಟಕ್ಕೆ ಎದ್ದಿರುತ್ತಾರೆ. ಚಿತ್ರದ ಅಳಿವು ಉಳಿವು ಈ ಕೋಟಿನ ಮೇಲೆ ನಿಂತಿದೆ ಎಂದು ನಿರ್ದೇಶಕ ಹೇಳಿದ. ಸುತ್ತ ಕೂತವರು ತಲೆದೂಗಿದರು. ಯಾರೂ ನಗಲಿಲ್ಲ, ನಗುವವರಿಗೆ ಆ ತಂಡದಲ್ಲಿ ಕೆಲಸ ಹೆಚ್ಚು ದಿನ ಉಳಿಯುತ್ತಿರಲಿಲ್ಲ.

“ಕೆಂಪು ಬೇಡ. ಕೆಂಪು ಹಾಕಿದ್ರೆ ವಿಮರ್ಶಕರು ರಕ್ತ ಅಂತ ಬರೀತಾರೆ. ಬಿಳಿ ಹಾಕಿದ್ರೆ ಮುಗ್ಧತೆ ಅಂತಾರೆ. ಕಪ್ಪಾದ್ರೆ ಸಾವು. ಯಾವ ಅರ್ಥಾನೂ ಬರದೇ ಇರೋ ಬಣ್ಣ ಒಂದು ಹುಡುಕ್ರಪ್ಪಾ,” ಎಂದ.

“ಅಂಥದ್ದೊಂದಿದೆ ಸರ್,” ಎಂದಳು ಉಡುಪು ನೋಡಿಕೊಳ್ಳುವಾಕೆ. “ಹಳಸಿದ ಸಾಸಿವೆ ಬಣ್ಣ. ಅಂಗಡಿಯವನೇ ‘ಬೇರೆ ನೋಡಿ ಮೇಡಂ’ ಅಂದ.”

“ಊರಲ್ಲಿ ಇನ್ಯಾರಾದ್ರೂ ಅದನ್ನ ಹಾಕ್ಕೋತಾರಾ?”

“ಬುದ್ಧಿ ನೆಟ್ಟಗಿರೋರು ಯಾರೂ ಹಾಕ್ಕೊಳ್ಳಲ್ಲ ಸರ್.”

ಅಲ್ಲಿಗೆ ತೀರ್ಮಾನವಾಯಿತು. ಮೊಣಕಾಲು ಮುಟ್ಟುವ ಉದ್ದ, ಹಣೆ ಮುಚ್ಚುವ ಹಾಗೆ ಎಳೆದುಕೊಳ್ಳಬಹುದಾದ, ಕೋಟಿಗೇ ಹೊಲಿದ ಟೋಪಿ. ಯಾರಿಗೂ ಬೇಡವಾದ ಬಣ್ಣವಾದ್ದರಿಂದ ಅಂಗಡಿಯವನು ಮಿಕ್ಕ ಕೋಟುಗಳನ್ನು ಅರ್ಧ ಬೆಲೆಯ ಚೀಟಿ ಅಂಟಿಸಿ ಬಾಗಿಲ ಹೊರಗೆ ನೇತುಹಾಕಿದ. ಇದು ಚಿತ್ರತಂಡದ ಗಮನಕ್ಕೆ ಬರಲಿಲ್ಲ.

ಚಿತ್ರದ ಕಥೆ ಇಷ್ಟು. ಸಾಧಾರಣ ಮನೆಯ ಹೆಂಗಸೊಬ್ಬಳನ್ನು ಸಿರಿವಂತನ ಮಗಳೆಂದು ತಪ್ಪು ತಿಳಿದು ಅಪಹರಿಸುತ್ತಾರೆ. ಕತ್ತಲ ಕೋಣೆಯಲ್ಲಿ ಕೂಡಿಟ್ಟ ಮೇಲೆ ತಾನು ನಿಜಕ್ಕೂ ಯಾರು ಎಂದು ಆಕೆಗೇ ಅನುಮಾನ ಶುರುವಾಗುತ್ತದೆ. ಕೊನೆಕೊನೆಗೆ ನೋಡುವವರಿಗೂ ಶುರುವಾಗುತ್ತದೆ.

ನಿರ್ದೇಶಕನಿಗೆ ತನ್ನದೇ ಒಂದು ಪದ್ಧತಿಯಿತ್ತು. ಅಪಹರಿಸುವವರು ನಾಯಕಿಯ ಮುಖವನ್ನು ಮೊದಲೇ ನೋಡಿರಬಾರದು. ಪರಿಚಯವಾದರೆ ಕೈ ಮೆತ್ತಗಾಗುತ್ತದೆ ಎಂಬುದು ಅವನ ಸಿದ್ಧಾಂತ. ಕ್ಯಾಮೆರಾಗಳನ್ನು ಬಚ್ಚಿಡಬೇಕು. ‘ಆ್ಯಕ್ಷನ್’ ಎಂದು ಯಾರೂ ಕೂಗಬಾರದು. ನಾಯಕಿ ಗೊತ್ತುಮಾಡಿದ ಒಂದು ಬೀದಿಯಲ್ಲಿ ತನಗೆ ತೋಚಿದಾಗ ನಡೆದುಬರಬೇಕು, ವ್ಯಾನಿನವರು ಕೋಟು ಕಂಡ ಕೂಡಲೇ ಎತ್ತಿಕೊಳ್ಳಬೇಕು. ಈ ಕೆಲಸಕ್ಕೆ ಇಬ್ಬರು ಸಾಹಸದ ಕಲಾವಿದರು ನೇಮಕವಾಗಿದ್ದರು. ಮೈಕಟ್ಟು ನೋಡಿ ಜನ ಒಬ್ಬನಿಗೆ ಹಂಡೆ ಎಂದೂ ಇನ್ನೊಬ್ಬನಿಗೆ ಕಡ್ಡಿ ಎಂದೂ ಹೆಸರಿಟ್ಟಿದ್ದರು.

“ಆಕೆ ‘ನೀವು ಹುಡುಕ್ತಿರೋಳು ನಾನಲ್ಲ’ ಅಂತಾಳೆ. ಬಿಡಬೇಡಿ, ಅದು ಡೈಲಾಗು,” ಎಂದು ನಿರ್ದೇಶಕ ತಿಳಿಹೇಳಿದ.

“ಅತ್ರೆ ಸರ್?” ಎಂದ ಹಂಡೆ.

“ಅತ್ರೂ ಡೈಲಾಗೇ.”

“ಕಚ್ಚಿದ್ರೆ?” ಇದು ಕಡ್ಡಿಯ ಆತಂಕ.

“ಕಚ್ಚಿದ್ರೆ ನಿನ್ನ ಪುಣ್ಯ. ಕೈಯನ್ನ ಕ್ಯಾಮೆರಾ ಕಡೆ ಹಿಡಿ.”

ಆ ಬೀದಿಯ ತುದಿಯಲ್ಲಿ ಹಲ್ಲು ಕಟ್ಟುವ ಕಾರ್ಖಾನೆಯಿತ್ತು. ಕಾರ್ಖಾನೆ ಎಂದರೆ ಎರಡು ಕೋಣೆ, ಒಂದು ಒಲೆ, ಬಾಯಿ ತೆರೆದು ಕೂತ ಹಾಗೆ ಕಾಣುವ ಸುಣ್ಣದ ಅಚ್ಚುಗಳ ಸಾಲು. ಅಲ್ಲಿ ಕೆಲಸ ಮಾಡುವ ಹೆಂಗಸನ್ನು ಬೀದಿಯವರು ಹಲ್ಲಿನಾಕೆ ಎನ್ನುತ್ತಿದ್ದರು. ಡಾಕ್ಟರರು ಕಳಿಸಿದ ಅಚ್ಚಿನ ಮೇಲೆ ಮೇಣ ಕಟ್ಟಿ, ಅದರಲ್ಲಿ ಹಲ್ಲುಗಳನ್ನು ಒಂದೊಂದಾಗಿ ಕೂರಿಸುವುದು ಆಕೆಯ ಕೆಲಸ. ಹಾಗೆ ಕೂರಿಸಿದ ಸೆಟ್ಟನ್ನು ಗಟ್ಟಿ ಮಾಡುವ ಮೊದಲು ಒಮ್ಮೆ ಕ್ಲಿನಿಕ್ಕಿಗೆ ಒಯ್ದು ಹಾಕಿಸಿಕೊಳ್ಳುವವರ ಬಾಯಲ್ಲಿಟ್ಟು ನೋಡಬೇಕು. ಡಬ್ಬಿ ಓರೆಯಾದರೆ ಹಲ್ಲು ಜರುಗುತ್ತದೆ, ಎಲ್ಲ ಮೊದಲಿಂದ.

ಅಂದು ಬೆಳಿಗ್ಗೆ ಚಳಿ ಗಾಳಿ. ಆಕೆ ಅರ್ಧ ಬೆಲೆಗೆ ಸಿಕ್ಕಿದ ಸಾಸಿವೆ ಬಣ್ಣದ ಕೋಟು ತೊಟ್ಟು, ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡು, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬೀದಿಗಿಳಿದಳು.

ವ್ಯಾನಿನ ಬಾಗಿಲು ಸರಕ್ಕನೆ ಜಾರಿತು. ಎರಡು ಕೈಗಳು ಸೊಂಟಕ್ಕೆ ಬಿದ್ದವು. ಆಕೆ ಒಳಗಿದ್ದಳು.

“ನೀವು ಹುಡುಕ್ತಿರೋಳು ನಾನಲ್ಲ,” ಎಂದಳು.

ವ್ಯಾನು ಓಡಿಸುತ್ತಿದ್ದ ಹಂಡೆಗೆ ಮೆಚ್ಚುಗೆಯಾಯಿತು. ಡೈಲಾಗನ್ನು ಇಷ್ಟು ಸಹಜವಾಗಿ ಹೇಳುವವರನ್ನು ಅವನು ಕಂಡಿರಲಿಲ್ಲ. ಕಡ್ಡಿ ಆಕೆಯ ಹೆಗಲ ಮೇಲೆ ಕೈಯಿಟ್ಟು ಒತ್ತಿ ಕೂರಿಸಿದ. ಅವರಿಬ್ಬರ ಎದುರಿಗೆ, ಬಾಗಿಲ ಪಟ್ಟಿಯ ಹಿಂದೆ, ಒಂದು ಸಣ್ಣ ಕ್ಯಾಮೆರಾ ಓಡುತ್ತಿತ್ತು.

ಆಮೇಲೆ ಆಕೆ ಕೂಗಲಿಲ್ಲ. ಅಳಲಿಲ್ಲ. ಡಬ್ಬಿಯನ್ನು ತೊಡೆಯ ಮೇಲೆ ಮಟ್ಟವಾಗಿಟ್ಟುಕೊಂಡಳು. ವ್ಯಾನು ತಿರುವಿನಲ್ಲಿ ವಾಲಿದಾಗಲೆಲ್ಲ ಡಬ್ಬಿ ವಾಲದ ಹಾಗೆ ಮಣಿಕಟ್ಟು ತಿರುಗಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಬಹಳ ವಿನಯವಾಗಿ, “ನಾನು ಗಲಾಟೆ ಮಾಡಲ್ಲ,” ಎಂದಳು. ಸಿಗ್ನಲ್ಲಿನಲ್ಲಿ ವ್ಯಾನು ನಿಂತಾಗ ಕಿಟಕಿಯಾಚೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಒಬ್ಬ ಪೊಲೀಸಿನವನು ನಿಂತಿದ್ದ. ಅವನು ಸುಮ್ಮನೆ ಒಳಗೆ ನೋಡಿದ. ಹೆಗಲ ಮೇಲಿನ ಕೈ ಭಾರವಾಯಿತು. ಆಕೆ ಪೊಲೀಸಿನವನಿಗೆ ಮುಗುಳ್ನಕ್ಕಳು. ದೀಪ ಹಸಿರಾಯಿತು.

ಊರಾಚೆಯ ಗೋದಾಮಿನಲ್ಲಿ ಆಕೆಯನ್ನು ಕುರ್ಚಿಯ ಮೇಲೆ ಕೂರಿಸಿ ಹಗ್ಗ ಸುತ್ತುತ್ತಿರುವಾಗ ನಿರ್ದೇಶಕನ ಫೋನು ಬಡಿದುಕೊಂಡಿತು. ಮಾತಾಡಿದ್ದು ನಾಯಕಿ.

“ಸರ್, ಇಲ್ಲಿ ಚಳಿಗೆ ಕೈಕಾಲು ಮರಗಟ್ಟಿದೆ. ಆಗಿಂದ ಅದೇ ಬೀದೀಲಿ ಮೇಲಕ್ಕೂ ಕೆಳಕ್ಕೂ ನಡೀತಿದೀನಿ. ಯಾವಾಗ ಎತ್ಕೊಂಡು ಹೋಗ್ತೀರಾ?”

ನಿರ್ದೇಶಕ ಕುರ್ಚಿಯ ಕಡೆ ನೋಡಿದ.

ಆಮೇಲಿನದು ಊಹಿಸಬಹುದಾದದ್ದೇ. ಹಗ್ಗ ಬಿಚ್ಚಿದರು, ಟೀ ತಂದರು, ಹಂಡೆ ಕಾಲಿಗೇ ಬೀಳಲು ಬಂದ. ಕಡ್ಡಿ “ಅಕ್ಕಾ, ಕೈ ಜೋರಾಯ್ತಾ?” ಎಂದು ಮತ್ತೆ ಮತ್ತೆ ಕೇಳಿದ. ಗಾಬರಿ ಇಳಿದ ಮೇಲೆ ತಂಡದಲ್ಲಿ ಯಾರೋ ಕಿಸಕ್ಕೆಂದರು, ಅದು ಎಲ್ಲರಿಗೂ ಹಬ್ಬಿತು. ಆಕೆಯೂ ನಕ್ಕಳು. ಟೀ ಲೋಟ ಮಾತ್ರ ಹಿಡಿಯಲಾಗಲಿಲ್ಲ. ಡಬ್ಬಿ ತೆರೆದು ನೋಡಿದಳು. ಹಲ್ಲು ಒಂದೂ ಜರುಗಿರಲಿಲ್ಲ.

ಆಕೆಯ ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದರು, ಊರಿಗೆಲ್ಲ ಮೇಷ್ಟ್ರು. ಸುದ್ದಿ ಕೇಳಿ ಮೊದಲು ಅವರ ಮುಖ ಬಿಳಿಚಿತು. ಎಲ್ಲ ಸಿನಿಮಾದವರ ಎಡವಟ್ಟು ಎಂದು ತಿಳಿದ ಮೇಲೆ ನಕ್ಕರು. ಬದುಕಿತು ಬಡಜೀವ ಎಂಬ ನಗು, ಅದರಲ್ಲಿ ತಪ್ಪೇನಿಲ್ಲ. ಆದರೆ ಒಮ್ಮೆ ನಕ್ಕವರಿಗೆ ಎರಡನೇ ಸಲ ನಗುವುದು ಸುಲಭ.

“ಅಲ್ವೇ, ಪೊಲೀಸು ಪಕ್ಕದಲ್ಲೇ ಇದ್ದ ಅಂತೀಯ. ಯಾಕೆ ಕೂಗಲಿಲ್ಲ ನೀನು?”

“ಕೂಗೋಕಾಗಲಿಲ್ಲ ರೀ.”

“ಹಾಲಿನವನು ನೀರು ಬೆರೆಸಿದ್ರೆ ಮೂರು ಬೀದಿಗೆ ಕೇಳೋ ಹಾಗೆ ಕೂಗ್ತೀಯಲ್ಲ!”

ಅವರ ತಂಗಿ, ಅಂದರೆ ಆಕೆಯ ನಾದಿನಿ, ಅಲ್ಲೇ ಇದ್ದಳು. “ಹೋಗ್ಲಿ ಬಿಡಣ್ಣ. ಅತ್ತಿಗೆಯನ್ನಾದ್ರೂ ಎತ್ಕೊಂಡು ಹೋದ್ರು. ನಮ್ಮನ್ನ ಕಣ್ಣೆತ್ತಿ ನೋಡೋರೂ ಇಲ್ಲ,” ಎಂದಳು. ಮತ್ತೆ ನಗು.

ಆಕೆ ಅಂದು ರಾತ್ರಿ ಇನ್ನೊಂದು ಸಲ ಹೇಳಲು ನೋಡಿದಳು. “ಸತ್ತೇ ಹೋಗ್ತೀನಿ ಅಂದ್ಕೊಂಡೆ.” ಮೇಷ್ಟ್ರು ಹೊದಿಕೆ ಎಳೆದುಕೊಳ್ಳುತ್ತ, “ಸಾಯೋರು ಪೊಲೀಸ್ನೋರಿಗೆ ಸ್ಮೈಲ್ ಕೊಡ್ತಾರಾ?” ಎಂದರು. ತಾನು ಯಾಕೆ ನಕ್ಕೆ ಎಂಬುದು ಆಕೆಗೂ ಒಗಟಾಗಿತ್ತು.

ಮರುದಿನ ನಿರ್ದೇಶಕ ಹಣ್ಣಿನ ಬುಟ್ಟಿ ಹಿಡಿದು ಬಂದ. ತಪ್ಪಾಯಿತೆಂದ. ವ್ಯಾನಿನಲ್ಲಿ ತೆಗೆದದ್ದನ್ನು ಅಳಿಸಿಬಿಡುತ್ತೇನೆಂದ. ಹೇಳುವಾಗ ಅವನ ಮುಖ ತೊಟ್ಟಿಲ ಮಗುವನ್ನು ಕೊಟ್ಟುಬಿಡುವವನ ಹಾಗಿತ್ತು. ಟೋಪಿಯಿಂದಾಗಿ ಬಾಯಿ, ಗದ್ದ, ಕೈ ಬಿಟ್ಟು ಬೇರೇನೂ ಕಂಡಿಲ್ಲ, ನಾಯಕಿಯೆಂದೇ ಸಾಗಿಸಬಹುದಿತ್ತು, ಆದರೂ ಅಳಿಸುತ್ತೇನೆ ಎಂದ.

“ಅಳಿಸಬೇಡಿ,” ಎಂದಳು ಹಲ್ಲಿನಾಕೆ. “ಸಿನಿಮಾದಲ್ಲಿ ಹಾಕಿ. ನಮ್ಮನೆಯವರು ನೋಡಲಿ.”

ಪರದೆಯ ಮೇಲೆ ಬರುವ ಆಸೆ ಯಾರನ್ನೂ ಬಿಟ್ಟಿಲ್ಲ ಎಂದುಕೊಂಡು ನಿರ್ದೇಶಕ ಸಂತೋಷದಿಂದ ಹೋದ. ಆಕೆಗೆ ಬೇಕಿದ್ದದ್ದು ಅದಲ್ಲ. ಆವತ್ತು ಆ ವ್ಯಾನಿನಲ್ಲಿ ತನಗೆ ಆದದ್ದು ತಮಾಷೆಯಲ್ಲ ಎಂದು ಒಬ್ಬರು ನಂಬಬೇಕಿತ್ತು. ಆ ಒಬ್ಬರು ಗಂಡನೇ ಆಗಬೇಕಿತ್ತು. ಬಾಯಲ್ಲಿ ಹೇಳಿದರೆ ಆಗಲಿಲ್ಲ. ಕಣ್ಣಾರೆ ಕಂಡರೆ ಆಗಬಹುದು.

ಚಿತ್ರ ತಯಾರಾಗಲು ಬಹಳ ತಿಂಗಳು ಹಿಡಿಯಿತು. ಅಷ್ಟರಲ್ಲಿ ಮೇಷ್ಟ್ರು ಕಥೆಯನ್ನು ಪಳಗಿಸಿದ್ದರು. ಡ್ರೈವಿಂಗ್ ಕಲಿಯುವವರಷ್ಟು ವಿಧೇಯ ಕೇಳುಗರು ಯಾವ ಭಾಷಣಕಾರನಿಗೂ ಸಿಗುವುದಿಲ್ಲ. ಎದ್ದು ಹೋಗುವ ಹಾಗಿಲ್ಲ, ನಗದಿದ್ದರೆ ಲೈಸೆನ್ಸಿನ ಭಯ. ಪ್ರತಿ ಸಿಗ್ನಲ್ಲಿನಲ್ಲೂ ಕಥೆ ಸ್ವಲ್ಪ ಸ್ವಲ್ಪ ಬೆಳೆಯಿತು. ಮೇಷ್ಟ್ರ ಹೆಂಡತಿ ಅಪಹರಣಕಾರರಿಗೆ ಇಂಡಿಕೇಟರ್ ಹಾಕಿಲ್ಲವೆಂದು ಗದರಿದಳು. ಆಮೇಲೆ ಸೀಟ್ ಬೆಲ್ಟ್ ಹಾಕಿಸಿದಳು. ಕಡೆಕಡೆಗೆ ಇಬ್ಬರ ಬಾಯಿಯನ್ನೂ ತೆರೆಸಿ ಹಲ್ಲು ಪರೀಕ್ಷೆ ಮಾಡಿದಳು. ಅಂಗಡಿಗೆ ಹೋದರೆ ಅಪರಿಚಿತರು, “ನೀವೇನಾ ಮೇಷ್ಟ್ರ ಮನೆಯವರು? ಕಿಡ್ನ್ಯಾಪರ್‌ಗೇ ಬೆಲ್ಟ್ ಹಾಕಿಸಿದ್ರಂತೆ!” ಎನ್ನುತ್ತಿದ್ದರು. ಆಕೆ ನಗುತ್ತಿದ್ದಳು. ಕೋಟನ್ನು ಯಾರಿಗೋ ಕೊಟ್ಟಿದ್ದಳು. ಕ್ಲಿನಿಕ್ಕಿಗೆ ಈಗ ಸುತ್ತುದಾರಿಯಲ್ಲಿ, ಅಂಗಡಿಗಳ ಎದುರೇ ನಡೆದು ಹೋಗುತ್ತಿದ್ದಳು. ಬೀದಿಯಲ್ಲೆಲ್ಲಾದರೂ ವ್ಯಾನಿನ ಬಾಗಿಲು ಜಾರಿದ ಸದ್ದಾದರೆ ಮೇಣ ಕಟ್ಟುವ ಕೈ ನಿಲ್ಲುತ್ತಿತ್ತು. ಆ ವ್ಯಾನು ಹೊರಟುಹೋಗುವವರೆಗೆ ಕಾದು, ಮತ್ತೆ ಕೆಲಸ ಹಿಡಿಯುತ್ತಿದ್ದಳು. ಇದನ್ನು ಯಾರೂ ಗಮನಿಸಲಿಲ್ಲ. ಆಕೆ ಹೇಳಲೂ ಇಲ್ಲ.

ಚಿತ್ರ ತೆರೆಕಂಡಿತು. ವಿಮರ್ಶಕರು ಅದನ್ನು ಅಗಸರ ಕಲ್ಲಿಗೆ ಬಡಿದ ಹಾಗೆ ಬಡಿದರು. ಕಥೆಗೆ ತಲೆಯಿಲ್ಲ ಎಂದರು, ಬಾಲ ಜಾಸ್ತಿಯಾಯಿತು ಎಂದರು. ಅದರಲ್ಲೂ ಎಲ್ಲರ ಕೈಗೆ ಸಿಕ್ಕಿದ್ದು ವ್ಯಾನಿನ ದೃಶ್ಯ. ‘ಅಪಹರಣಕ್ಕೊಳಗಾದ ನಾಯಕಿ ದಂತವೈದ್ಯರ ಕೋಣೆಯ ಹೊರಗೆ ಸರದಿ ಕಾಯುವವಳ ಹಾಗೆ ಕೂತಿದ್ದಾಳೆ’ ಎಂದು ಒಬ್ಬರು ಬರೆದರು. ‘ಪೊಲೀಸನನ್ನು ಕಂಡು ಮುಗುಳ್ನಗುವ ಈಕೆಗೆ ಭಯ ಎಂದರೇನೆಂದು ಯಾರಾದರೂ ಹೇಳಿಕೊಡಬೇಕಿತ್ತು’ ಎಂದರು ಇನ್ನೊಬ್ಬರು. ಹಲ್ಲಿನಾಕೆ ಇವನ್ನೆಲ್ಲ ಕೆಲಸದ ಮೇಜಿನ ಮೇಲೆ ಹಾಸಿದ ಪತ್ರಿಕೆಯಲ್ಲೇ ಓದಿದಳು. ಓದಿ, ಅದರ ಮೇಲೆ ಅಚ್ಚಿಟ್ಟು ಮೇಣ ಕೆರೆದಳು.

ಬುಧವಾರ ನಿರ್ದೇಶಕ ಫೋನು ಮಾಡಿದ. ದನಿ ಬಿದ್ದುಹೋಗಿತ್ತು.

“ಅಮ್ಮಾ, ನಿಮ್ಮ ನಟನೆ ಬಗ್ಗೆ ಜನ ಏನೇನೋ ಬರೀತಿದಾರೆ, ಮನಸ್ಸಿಗೆ ಹಚ್ಕೋಬೇಡಿ.”

“ನಾನು ನಟಿಸಲಿಲ್ಲವಲ್ಲ ಸರ್.”

“ಗೊತ್ತಮ್ಮ. ಆದ್ರೆ ಬೈಗುಳ ತಿಂತಿರೋದು ನಮ್ಮ ನಾಯಕಿ. ‘ನಾನಿಲ್ಲದ ಜಾಗದಲ್ಲಿ ನನ್ನ ಮಾನ ಹೋಯ್ತು’ ಅಂತ ಒಂದೇ ಸಮ ಅಳ್ತಿದಾಳೆ. ಅವಳ ಕೈಲಿ ಚೆನ್ನಾಗಿ ಕೂಗಿಸಿ ಹೊಸದಾಗಿ ತೆಗೆದಿದೀವಿ. ಶುಕ್ರವಾರದಿಂದ ನಿಮ್ಮದು ಇರಲ್ಲ. ಮೊದಲೇ ಹೇಳೋದು ಧರ್ಮ ಅಂತ…”

“ಇನ್ನೊಂದು ವಾರ ಇರಲಿ ಸರ್. ನಮ್ಮನೆಯವರು ಇನ್ನೂ ನೋಡಿಲ್ಲ.”

“ಯಾರೂ ನೋಡಿಲ್ಲಮ್ಮ,” ಎಂದ ನಿರ್ದೇಶಕ. ಅದು ನಿಜವೂ ಆಗಿತ್ತು.

ಸಂಜೆ ಆಕೆ ಗಂಡನ ಎದುರು ನಿಂತಳು.

“ನಾಳೆ ಮಧ್ಯಾಹ್ನ ಸಿನಿಮಾಗೆ ಹೋಗೋಣ ರೀ.”

“ನಾಳೆ ನಾಲ್ಕು ಜನಕ್ಕೆ ಟೆಸ್ಟಿದೆ. ಭಾನುವಾರ ಹೋಗೋಣ.”

“ಭಾನುವಾರ ನಾನಿರಲ್ಲ ಅದರಲ್ಲಿ.”

“ಆ ಸಿನಿಮಾ ನೋಡಿದೋರು ಯಾರೂ ನೆಟ್ಟಗಿಲ್ಲವಂತೆ ಕಣೇ. ನಮ್ಮ ಸ್ಕೂಲಿನ ಗುಮಾಸ್ತ ಅರ್ಧಕ್ಕೇ ಎದ್ದು ಬಂದನಂತೆ.”

“ನೀವು ಕೂಡ ಅರ್ಧಕ್ಕೇ ಎದ್ದು ಬನ್ನಿ. ಮದುವೆಯಾದಾಗಿಂದ ಒಂದು ಸಿನಿಮಾಗೆ ಕರ್ಕೊಂಡು ಹೋಗಿ ಅಂತ ಕೇಳಿದೀನಾ?”

“ಕೇಳಿದೀಯಲ್ಲ. ಹೊಸದರಲ್ಲಿ ವಾರ ವಾರ ಕೇಳ್ತಿದ್ದೆ.”

“ಕರ್ಕೊಂಡು ಹೋದ್ರಾ?”

ಮೇಷ್ಟ್ರು ಟೆಸ್ಟನ್ನು ಇನ್ನೊಬ್ಬರಿಗೆ ವಹಿಸಿದರು.

ಗುರುವಾರದ ಮಧ್ಯಾಹ್ನದ ಆಟಕ್ಕೆ ಜನ ಬೆರಳೆಣಿಕೆಯಷ್ಟಿದ್ದರು. ಮೂಲೆಯಲ್ಲಿ ಒಂದು ಜೋಡಿ, ಅವರಿಗೆ ಪರದೆ ಬೇಕಿರಲಿಲ್ಲ. ಎಸಿಯ ತಂಪಿಗೆ ಬಂದು ಚಪ್ಪಲಿ ಬಿಟ್ಟು ಮಲಗಿದ ಒಬ್ಬ. ಹಿಂದಿನ ಸಾಲಿನಲ್ಲಿ ಕಾಲೇಜು ತಪ್ಪಿಸಿಕೊಂಡು ಬಂದ ಮೂವರು, ಕೆಟ್ಟ ಸಿನಿಮಾವನ್ನು ಕೆಟ್ಟದೆಂದು ಗೊತ್ತಿದ್ದೇ ನೋಡಲು ಬರುವ ಜಾತಿಯವರು. ಮೇಷ್ಟ್ರು ಕಾಲು ಚಾಚಿ ಕೂತರು.

ಬೀದಿ ಬಂತು. ಸಾಸಿವೆ ಬಣ್ಣದ ಕೋಟು ಬಂತು. ಬಾಗಿಲು ಜಾರಿತು. ಹಲ್ಲಿನಾಕೆ ಪರದೆಯನ್ನು ನೋಡಲಿಲ್ಲ. ಗಂಡನ ಮುಖ ನೋಡುತ್ತಿದ್ದಳು.

“ನೋಡು, ಕ್ಲಚ್ ಹೇಗೆ ಬಿಟ್ಟ. ಗಾಡಿ ಕಪ್ಪೆ ಹಾರಿದ ಹಾಗೆ ಹಾರ್ತು,” ಎಂದರು ಮೇಷ್ಟ್ರು. “ಸೆಕೆಂಡ್ ಗೇರಲ್ಲೇ ಎಳೀತಿದಾನೆ ಕತ್ತೆ. ಇಂಡಿಕೇಟರ್ ಹಾಕಲಿಲ್ಲ, ನಾನು ಹೇಳಿರಲಿಲ್ವಾ?”

ಪರದೆಯ ಮೇಲೆ ಬಾಯಿಯೊಂದು, “ನೀವು ಹುಡುಕ್ತಿರೋಳು ನಾನಲ್ಲ,” ಎಂದಿತು. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

“ಏನೋ ಇದು, ಬಸ್ಸಲ್ಲಿ ಕಿಟಕಿ ಸೀಟು ಸಿಕ್ಕಿದ ಹಾಗೆ ಕೂತಿದಾಳೆ!”

“ಡಬ್ಬೀಲಿ ಊಟ ಇರಬೇಕು ಮಗಾ, ಪಾಪ, ಚೆಲ್ಲದ ಹಾಗೆ ಹಿಡ್ಕೊಂಡಿದಾಳೆ.”

ಮೇಷ್ಟ್ರು ಮಾತು ನಿಲ್ಲಿಸಿದ್ದರು.

ಅವರು ಕಲಿಸುವ ಕಾರಿನಲ್ಲಿ, ಪಕ್ಕದ ಸೀಟಿನ ಕಾಲಬಳಿ, ಕಲಿಸುವವರಿಗೆಂದು ಇನ್ನೊಂದು ಬ್ರೇಕಿರುತ್ತದೆ. ಲಾರಿ ಕಂಡು ಕೂಗಿಕೊಳ್ಳುವ ಶಿಷ್ಯರಿಗಾಗಿ ಅವರು ಅದನ್ನು ತುಳಿಯುವುದಿಲ್ಲ. ಕೂಗುವವರು ಹೇಗೋ ನಿಭಾಯಿಸುತ್ತಾರೆ. ಇದ್ದಕ್ಕಿದ್ದಂತೆ ಸುಮ್ಮನಾಗುವವರಿರುತ್ತಾರೆ. ಬೆನ್ನು ನೆಟ್ಟಗಾಗುತ್ತದೆ, ಉಸಿರು ಮೇಲೆಲ್ಲೋ ನಿಲ್ಲುತ್ತದೆ, ಹೇಳಿದ್ದಕ್ಕೆಲ್ಲ ಬಹಳ ವಿನಯವಾಗಿ ‘ಹೂಂ ಸರ್’ ಎನ್ನುತ್ತಾರೆ, ಕೆಲವರು ನಗುತ್ತಾರೆ. ಅವರ ಕೈಯಲ್ಲಿ ಗಾಡಿ ಇರುವುದಿಲ್ಲ ಎಂದು ಮೇಷ್ಟ್ರಿಗೆ ಗೊತ್ತು. ಅಂಥವರನ್ನು ಕಂಡರೆ ಅವರ ಕಾಲು ಅವರನ್ನು ಕೇಳದೆ ಕೆಳಗಿಳಿಯುತ್ತದೆ.

“ನಾನು ಗಲಾಟೆ ಮಾಡಲ್ಲ,” ಎಂದಿತು ಪರದೆ.

ಹಲ್ಲಿನಾಕೆಗೆ ಗಂಡನ ಮೊಣಕಾಲು ತಗುಲಿತು. ಚಾಚಿದ್ದ ಕಾಲು ಬಿಗಿದು, ಚಪ್ಪಲಿಯ ಮುಂಭಾಗ ಚಿತ್ರಮಂದಿರದ ನೆಲವನ್ನು ಒತ್ತುತ್ತಿತ್ತು. ಪೊಲೀಸಿನವನು ಬಂದ. ಪರದೆಯ ತುಂಬ ಆಕೆಯ ನಗು ಬಂತು. ಹಿಂದಿನವರು ಹೋ ಎಂದರು. ಮೇಷ್ಟ್ರು ಇನ್ನೂ ಜೋರಾಗಿ ಒತ್ತಿದರು. ತೊಡೆ ನಡುಗುವಷ್ಟು ಒತ್ತಿದರು. ವ್ಯಾನು ನಿಲ್ಲಲಿಲ್ಲ. ದೃಶ್ಯ ಮುಗಿದು ನಾಯಕಿ ಕತ್ತಲ ಕೋಣೆಯಲ್ಲಿ ತಾನು ಯಾರೆಂದು ಕೇಳಿಕೊಳ್ಳಲು ಶುರುಮಾಡಿ ಎಷ್ಟೋ ಹೊತ್ತಾದರೂ ಆ ಕಾಲು ಹಾಗೇ ಇತ್ತು.

ಮಧ್ಯಂತರದಲ್ಲಿ ಹೊರಬಂದವರು ಮತ್ತೆ ಒಳಗೆ ಹೋಗಲಿಲ್ಲ. ಬೀದಿಯಲ್ಲಿ ಬಿಸಿಲಿತ್ತು. ಮೇಷ್ಟ್ರು ಆಕೆಯನ್ನು ಗೋಡೆಯ ಬದಿಗೆ ಬಿಟ್ಟು ತಾವು ರಸ್ತೆಯ ಬದಿಗೆ ನಡೆದರು.

“ಪೊಲೀಸ್ನೋನು ಅಷ್ಟು ಹತ್ತಿರ ಇದ್ನಾ?” ಎಂದರು.

“ಹೂಂ.”

“ಹೆಗಲ ಮೇಲೆ ಕೈ ಇಟ್ಟಿದ್ದ ಆ ಸಣಕಲ.”

“ಹೂಂ. ಆಮೇಲೆ ಟೀ ಕೊಡುವಾಗ ಅಕ್ಕಾ ಅಂದ. ಒಳ್ಳೆಯವನೇ.”

ಒಂದು ವ್ಯಾನು ಬದಿಯಲ್ಲಿ ಹಾದುಹೋಯಿತು. ಇಬ್ಬರೂ ನಿಂತರು, ಇಬ್ಬರೂ ನಡೆದರು.

“ನಾನು ಅದನ್ನ ಎಷ್ಟು ಜನಕ್ಕೆ ಹೇಳಿಬಿಟ್ಟೆ,” ಎಂದರು ಮೇಷ್ಟ್ರು.

“ಚೆನ್ನಾಗಿ ಹೇಳ್ತೀರಿ ಅಂತಾರೆ ಎಲ್ಲರೂ,” ಎಂದಳು ಆಕೆ. ಚುಚ್ಚಬೇಕೆಂದು ಹೇಳಿದ್ದಲ್ಲ. ಆದರೂ ಮೇಷ್ಟ್ರಿಗೆ ಚುಚ್ಚಿತು.

ಭಾನುವಾರ ನಾದಿನಿಯ ಮನೆಯಲ್ಲಿ ನೆಂಟರು ಸೇರಿದ್ದರು. ಊಟವಾಗಿ ಎಲ್ಲರೂ ಗೋಡೆಗೊರಗಿದ ಮೇಲೆ ನಾದಿನಿ ಎಂದಿನಂತೆ ಶುರುಮಾಡಿದಳು.

“ಅಣ್ಣಾ, ಇವರು ಹೊಸಬರು, ಕೇಳಿಲ್ಲ. ಅತ್ತಿಗೆ ಕಿಡ್ನ್ಯಾಪ್ ಆಗಿದ್ದು ಹೇಳು. ಆ ಹಲ್ಲು ಪರೀಕ್ಷೆ ಮಾಡಿದ್ದು ಬಿಡಬೇಡ ಮತ್ತೆ!”

“ಹಲ್ಲು ಪರೀಕ್ಷೆ ಎಲ್ಲ ಸುಳ್ಳು,” ಎಂದರು ಮೇಷ್ಟ್ರು.

“ಸುಳ್ಳಾದ್ರೇನು, ಹೇಳಣ್ಣ.”

“ಅವಳು ಹೆದರಿದ್ಲು ಕಣೇ. ಬಹಳ ಹೆದರಿದ್ಲು.”

ನಾದಿನಿ ಎದ್ದು ತಟ್ಟೆಗಳನ್ನು ಒಳಗೆ ಒಯ್ದಳು. ಹಲ್ಲಿನಾಕೆ ತಲೆ ಬಗ್ಗಿಸಿ, ತನ್ನ ಅಂಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅತ್ತಳು, ಇದೇ ಮೊದಲು. ಹೊಸ ನೆಂಟರು ಹವೆಯ ಮಾತೆತ್ತಿದರು.

ಶುಕ್ರವಾರದಿಂದ ಚಿತ್ರದಲ್ಲಿ ನಾಯಕಿ ಬಹಳ ಚೆನ್ನಾಗಿ ಕೂಗಿಕೊಂಡಳು. ಅದನ್ನು ಕೇಳಲು ವಿಮರ್ಶಕರು ಎರಡನೇ ಸಲ ಹೋಗಲಿಲ್ಲ. ಮುಂದಿನ ವಾರ ಚಿತ್ರಮಂದಿರದಿಂದ ಚಿತ್ರವೇ ಎತ್ತಂಗಡಿಯಾಯಿತು. ಹಲ್ಲಿನಾಕೆ ಈಗಲೂ ಸುತ್ತುದಾರಿಯಲ್ಲೇ ಕ್ಲಿನಿಕ್ಕಿಗೆ ಹೋಗುತ್ತಾಳೆ. ವ್ಯಾನಿನ ಕಥೆಯನ್ನು ಮೇಷ್ಟ್ರು ಮತ್ತೆ ಯಾರಿಗೂ ಹೇಳಲಿಲ್ಲ.